ಕೀಬೋರ್ಡಿನ ಬೂದಿ

ಲ್ಯಾಪ್‌ಟಾಪನ್ನು ತಲೆಕೆಳಗಾಗಿ ಹಿಡಿದು ಬೆನ್ನಿನ ಮೇಲೆ ಮೆಲ್ಲಗೆ ತಟ್ಟಿದರೆ ಕೀಬೋರ್ಡಿನಿಂದ ಏನೇನು ಉದುರುತ್ತದೆ ಎಂಬುದು ಮರ್ಯಾದಸ್ಥರು ಹೊರಗೆ ಹೇಳಿಕೊಳ್ಳುವ ವಿಷಯವಲ್ಲ. ತಲೆ ಬಾಚುವ ಹಣಿಗೆಯ ಹಾಗೆ ಅದೂ ಮನೆಯೊಳಗಿನ ಗುಟ್ಟು. ಆದರೂ ಹೇಳುತ್ತೇನೆ. ಹೇಳದೆ ಇಟ್ಟುಕೊಂಡರೆ ಇನ್ನೆರಡು ತಿಂಗಳಲ್ಲಿ ನಾನೇ ಅದನ್ನು ಬೇರೆ ರೀತಿಯಲ್ಲಿ ನೆನಪಿಟ್ಟುಕೊಂಡಿರುತ್ತೇನೆ. ನನ್ನ ನೆನಪಿನ ಬುದ್ಧಿ ನನಗೆ ಗೊತ್ತು.

ಈ ಲ್ಯಾಪ್‌ಟಾಪು ನನ್ನದಲ್ಲ, ನಮ್ಮ ಮನೆಯವರದು. ಅವರು ಮಳವಳ್ಳಿಯಲ್ಲಿ ಸರ್ವೆಯರ್ ಆಗಿದ್ದರು. ಹಗಲೆಲ್ಲ ಯಾರದೋ ಗದ್ದೆಯ ಬದುವಿನ ಮೇಲೆ ಅಳತೆ ಮಾಡಿ, ಅಣ್ಣತಮ್ಮಂದಿರ ಬೈಗುಳ ಕೇಳಿ, ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಅದೇ ಗದ್ದೆಗಳನ್ನು ನಕ್ಷೆಯಲ್ಲಿ ಶಾಂತವಾಗಿ ಪಾಲು ಮಾಡುತ್ತಿದ್ದರು. ಅವರು ಹೋಗಿ ಮುಂದಿನ ತಿಂಗಳಿಗೆ ವರ್ಷ ತುಂಬುತ್ತದೆ. ಇಲ್ಲಿಯವರೆಗೆ ಆ ಕೋಣೆಯ ಬಾಗಿಲನ್ನು ನಾನು ತೆರೆಯುತ್ತಿದ್ದದ್ದು ಕಸ ಗುಡಿಸಲು ಮಾತ್ರ. ನಾದಿನಿ ಜಯಮ್ಮನ ಮಗಳು ಡಿಗ್ರಿಗೆ ಸೇರಿದ್ದಾಳೆ, ಲ್ಯಾಪ್‌ಟಾಪು ಬೇಕಂತೆ ಎಂದು ತಿಳಿದಾಗ ನಾನೇ ಫೋನು ಮಾಡಿ "ಇದನ್ನೇ ತಗೊಂಡು ಹೋಗು" ಎಂದೆ. "ಭಾನುವಾರ ಬತ್ತೀನಿ" ಎಂದಳು ಜಯಮ್ಮ. ಮದ್ದೂರಿನಾಚೆ ಕೊಪ್ಪದ ಅವಳ ಮನೆಯಿಂದ ಬಂದ ಉತ್ತರ ಅಷ್ಟೇ. ಹನ್ನೊಂದು ತಿಂಗಳಿಂದ ನಮ್ಮಿಬ್ಬರ ನಡುವೆ ಮಾತು ಅಷ್ಟಷ್ಟೇ.

ಅದಕ್ಕೆ ಕಾರಣ ಒಂದು ಸಿಗರೇಟು. ನಮ್ಮ ಕಡೆ ತಿಥಿಯ ದಿನ ಎಡೆ ಇಡುವಾಗ, ಹೋದವರಿಗೆ ಇಷ್ಟವಿದ್ದದ್ದನ್ನೆಲ್ಲ ಬಾಳೆಲೆಯ ಮೇಲೆ ಇಡುತ್ತೇವೆ. ಇಡ್ಲಿ, ಕೋಳಿಸಾರು, ಮದ್ದೂರು ವಡೆ, ಎಲೆಅಡಿಕೆ; ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅದೂ. ಸತ್ತವರ ವಿಷಯದಲ್ಲಿ ನಮ್ಮ ಜನ ಡಾಕ್ಟರುಗಳಿಗಿಂತ ಉದಾರಿಗಳು. ನಮ್ಮ ಮನೆಯವರ ತಿಥಿಯ ಎಡೆಯಲ್ಲಿ, ವಡೆಯ ಪಕ್ಕ ಒಂದು ಸಿಗರೇಟು ಕಾಣಿಸಿತು. ಇಟ್ಟವಳು ಜಯಮ್ಮ. ನೆಂಟರೆಲ್ಲ ನೋಡುತ್ತಿದ್ದಂತೆ ನಾನು ಅದನ್ನು ತೆಗೆದು ಬಾಗಿಲಾಚೆ ಎಸೆದು, "ಅವರು ಬಿಟ್ಟು ಎರಡು ವರ್ಷ ಆಗಿತ್ತು. ಸತ್ತ ಮೇಲೂ ಹೆಸರು ಕೆಡಿಸ್ತೀಯಾ?" ಎಂದೆ. ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು. ಉಣ್ಣದೆ ಬಸ್ಸು ಹತ್ತಿದಳು.

ನನ್ನ ಸಿಟ್ಟಿನ ಬೇರು ಎಡೆಯಲ್ಲಿರಲಿಲ್ಲ, ಆಸ್ಪತ್ರೆಯಲ್ಲಿತ್ತು. ಎದೆ ಬಿಗಿಹಿಡಿದು ಉಸಿರಿಗೆ ಒದ್ದಾಡುತ್ತಿದ್ದ ಅವರನ್ನು ಮಂಡ್ಯಕ್ಕೆ ಕರೆದುಕೊಂಡು ಹೋದ ದಿನ ಡಾಕ್ಟರು ಕೇಳಿದ ಎರಡನೆಯದೋ ಮೂರನೆಯದೋ ಪ್ರಶ್ನೆ, "ಸಿಗರೇಟ್ ಸೇದ್ತಾರಾ?" ಅವರ ಮುಖಕ್ಕೆ ಮಾಸ್ಕ್ ಹಾಕಿದ್ದರು. ನಾನು ಉತ್ತರ ಕೊಟ್ಟೆ: "ಇಲ್ಲ. ಎರಡು ವರ್ಷದಿಂದ ಮುಟ್ಟಿಲ್ಲ." ಮಗ ತರಗತಿಗೆ ಮೊದಲು ಬಂದ ಎಂದು ಹೇಳುವ ತಾಯಿಯ ಧ್ವನಿ ನನ್ನದು. ಡಾಕ್ಟರು ಬರೆದುಕೊಂಡರು. ಮೂರನೆಯ ದಿನ ಎಲ್ಲ ಮುಗಿಯಿತು. ಸೇದುತ್ತಾರೆ ಎಂದಿದ್ದರೆ ಬೇರೆ ಏನಾದರೂ ಮಾಡುತ್ತಿದ್ದರೋ ಇಲ್ಲವೋ, ಗೊತ್ತಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ನನ್ನ "ಇಲ್ಲ" ನಿಜವಾಗಿರಲೇಬೇಕಿತ್ತು. ಜಯಮ್ಮನ ಸಿಗರೇಟು ಅದನ್ನು ಸುಳ್ಳು ಎನ್ನುತ್ತಿತ್ತು.

ಇರಲಿ, ಕೀಬೋರ್ಡಿಗೆ ಬರೋಣ. ಕೊಳೆಯಾದ ಯಾವುದನ್ನೇ ಕಂಡರೂ ನನ್ನ ಕೈ ಮೊದಲು ಹೋಗುವುದು ನೀರಿಗೆ. ಒದ್ದೆ ಬಟ್ಟೆ ಹಿಂಡಿಕೊಂಡು ಕೋಣೆಗೆ ಹೋದವಳು ಅದು ಹೇಗೋ ಎಚ್ಚರಗೊಂಡು, ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿ ಮಾಡುವ ನಾಸಿರನನ್ನು ಕೇಳಲು ಹೋದೆ. ನಾಸಿರ್ ಒಂದು ಕಾಲದಲ್ಲಿ ನನ್ನ ಇತಿಹಾಸದ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನು. ಈಗ ಪಾಠ ಅವನದು, ನಿಂತು ಕೇಳುವ ಸರದಿ ನನ್ನದು.

"ಮೇಡಂ, ನೀರು ಬಿಲ್ಕುಲ್ ಬೇಡ. ಮೊದ್ಲು ಪೂರ್ತಿ ಆಫ್ ಮಾಡಿ. ಚಾರ್ಜರ್ ಕಿತ್ತಿಡಿ. ತಲೆಕೆಳಗೆ ಹಿಡಿದು ತಟ್ಟಿ, ಮಗೂಗೆ ತೇಗು ಬರ್ಸಲ್ವಾ, ಅಷ್ಟು ಮೆತ್ತಗೆ. ಆಮೇಲೆ ಮೆತ್ತನೆ ಬ್ರಷ್. ಕೊನೆಗೆ ಈ ಲಿಕ್ವಿಡ್ಡು. ಬಟ್ಟೆಗೆ ಹಾಕ್ಬೇಕು, ಕೀಬೋರ್ಡ್‌ಗೆ ಸುರೀಬಾರ್ದು."

"ಕೀಗಳನ್ನ ಬಿಚ್ಚಿ ತೊಳೆದರೆ?"

"ಹಲ್ಲು ಕಿತ್ತು ತೊಳ್ದಂಗೆ ಮೇಡಂ. ತಿರ್ಗಾ ಕೂರಲ್ಲ. ನೀವು ಪರೀಕ್ಷೇಲಿ ಕೇಳೋ ಪ್ರಶ್ನೆ ಥರಾನೇ ಕೇಳ್ತೀರಲ್ಲ, ಸುಮ್ನೆ ಹೇಳಿದ್ದು ಮಾಡಿ."

ಹೇಳಿದ್ದು ಮಾಡಿದೆ. ಊಟದ ಮೇಜಿನ ಮೇಲೆ ಹಳೆಯ ಉತ್ತರಪತ್ರಿಕೆಯ ಬಿಳಿ ಹಾಳೆ ಹಾಸಿ, ಲ್ಯಾಪ್‌ಟಾಪನ್ನು ಬೋರಲು ಹಿಡಿದು ತಟ್ಟಿದೆ. ಮೊದಲು ವಡೆಯ ಚೂರು, ಆಮೇಲೆ ಎರಡು ನರೆಗೂದಲು, ಉಗುರಿನ ತುಂಡು, ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮದ ಹರಳು. ಇತಿಹಾಸ ಓದಿದವಳಿಗೆ ಇದೊಂದು ಉತ್ಖನನ. ಆದರೆ ಭೂಮಿಗಿರುವ ಶಿಸ್ತು ಕೀಬೋರ್ಡಿಗಿಲ್ಲ. ಭೂಮಿಯಲ್ಲಿ ಹಳೆಯದು ಕೆಳಗೆ, ಹೊಸದು ಮೇಲೆ ಪದರಪದರವಾಗಿ ಕೂರುತ್ತದೆ. ಅಗೆದವನು ಕಾಲವನ್ನು ಲೆಕ್ಕ ಹಾಕಬಹುದು. ಇಲ್ಲಿ ಬೆರಳು ಒತ್ತಿದಾಗಲೆಲ್ಲ ಉತ್ತ ಹೊಲದ ಹಾಗೆ ಹಳೆಯದೂ ಹೊಸದೂ ಕಲಸಿಹೋಗಿರುತ್ತದೆ. ನೆನಪು ಕೂಡ ಪದರಗಳಲ್ಲಿ ಇರುತ್ತದೆ ಎಂದು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆ ಮಕ್ಕಳು ಕ್ಷಮಿಸಲಿ.

ಬ್ರಷ್ಷು ಆಡಿಸತೊಡಗಿದಾಗ ಬೂದು ಬಣ್ಣದ ಪುಡಿ ಬೀಳತೊಡಗಿತು. ಒಂದು ಚಿಟಿಕೆಯಲ್ಲ, ಚಮಚದಷ್ಟು. ಸಾಲಿನಿಂದ ಸಾಲಿಗೆ, ಮುಖ್ಯವಾಗಿ ಬಲಗಡೆಯಿಂದ.

ಧೂಳು, ಎಂದುಕೊಂಡೆ. ಧೂಳು ಹೀಗಿರುವುದಿಲ್ಲ, ಬೆರಳಿಗೆ ನಯವಾಗಿ ಅಂಟಿಕೊಂಡಿತು. ವಿಭೂತಿ, ಎಂದಿತು ಮನಸ್ಸು. ಕಷ್ಟಕಾಲದಲ್ಲಿ ಅದು ಮೊದಲು ದೇವರ ಮನೆಗೇ ಓಡುತ್ತದೆ. ಆದರೆ ವರ್ಷಕ್ಕೊಮ್ಮೆ ಹಚ್ಚುವ ವಿಭೂತಿ ಇಷ್ಟು ಎಲ್ಲಿಂದ? ಹಾಗಾದರೆ ಊದಿನಕಡ್ಡಿಯ ಬೂದಿ. ಇದು ಒಪ್ಪುವಂತಿತ್ತು. ಸಿಗರೇಟು ಬಿಟ್ಟೆ ಎಂದು ಹೇಳಿದ ಮೇಲೆ ಅವರು ದಿನವೂ ಸಂಜೆ ಆ ಕೋಣೆಯಲ್ಲಿ ಊದಿನಕಡ್ಡಿ ಹಚ್ಚುತ್ತಿದ್ದರು. ದೇವರಿಗೆ ಕೈಮುಗಿಯಲು ಸೋಮಾರಿಯಾಗಿದ್ದ ಮನುಷ್ಯ! "ನಮ್ಮವರಿಗೆ ಈಗ ಭಕ್ತಿ ಬಂದಿದೆ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೆ. ಡೈರಿಯಲ್ಲೂ ಬರೆದಿದ್ದೆ. ಬಾಗಿಲು ಹಾಕಿಕೊಂಡು, ಕಿಟಕಿ ತೆರೆದುಕೊಂಡು ಬರುವ ಭಕ್ತಿ ಎಂಥದು ಎಂದು ಬರೆದಿರಲಿಲ್ಲ.

ಒಂದು ಊದಿನಕಡ್ಡಿ ಹಚ್ಚಿ ಅದರ ಬೂದಿಯನ್ನು ಹಾಳೆಯ ಇನ್ನೊಂದು ತುದಿಯಲ್ಲಿ ಉದುರಿಸಿ ಹೋಲಿಸಿದೆ. ಅದು ಬೆಳ್ಳಗಿತ್ತು, ಅದರ ಪಕ್ಕದಲ್ಲಿ ಇದರ ಬೂದು ಕಪ್ಪೆನಿಸಿತು. ಆದರೆ ವರ್ಷದಷ್ಟು ಹಳೆಯದು, ಬಣ್ಣಗೆಟ್ಟಿರಬಹುದು. ಸರಿಯಾಗಿ ತಿಳಿಯಬೇಕಾದರೆ ಸಿಗರೇಟಿನ ಬೂದಿಯೂ ಬೇಕು. ಐವತ್ತಮೂರು ವರ್ಷದ ಲೆಕ್ಚರರಮ್ಮ ಮಳವಳ್ಳಿಯಲ್ಲಿ ಒಂದು ಸಿಗರೇಟು ಕೊಳ್ಳುವುದು ಎಂದರೆ ಸಣ್ಣ ಮಾತಲ್ಲ. ವಿದ್ಯಾರ್ಥಿಗಳ ಕಣ್ಣಿಗೆ ಬೀಳದಿರಲೆಂದು ಕಾಲೇಜಿನಿಂದ ಆದಷ್ಟು ದೂರದ, ತಾಲ್ಲೂಕು ಕಚೇರಿಯ ಹಿಂದಿನ ಓಣಿಯ ಗೂಡಂಗಡಿಗೆ ಹೋದೆ. ಅಂಗಡಿಯ ಪುಟ್ಟಸ್ವಾಮಿ ನನ್ನನ್ನು ಕಂಡು ಎದ್ದು ನಿಂತ.

"ಸರ್ವೇರ್ ಸಾರ್ ಮನೆಯೋರಲ್ವಾ? ಬನ್ನಿ ಅವ್ವಾ."

"ಒಂದು ಸಿಗರೇಟು ಕೊಡಿ" ಎಂದೆ, ಒಂದು ಹಾಲಿನ ಪ್ಯಾಕೆಟ್ಟು ಎನ್ನುವ ಧಾಟಿಯಲ್ಲಿ.

ಅವನು ಯಾವುದು ಎಂದು ಕೇಳಲಿಲ್ಲ. ಒಂದು ಪ್ಯಾಕೆಟ್ಟಿನಿಂದ ಒಂದನ್ನು ತೆಗೆದು ಕಾಗದದಲ್ಲಿ ಸುತ್ತಿದ. "ವರ್ಸದ್ ತಿಥಿ ಅತ್ರ ಬಂತು ಅಲ್ವಾ? ಎಡೆಗ್ ಇಡಿ. ನಮ್ ಸಾರ್ ಬೇರೆ ಬ್ರಾಂಡ್ ಮುಟ್ತಿರ್ಲಿಲ್ಲ, ಇದೇಯ. ಸಂಜೆ ಮನೆಗೋಗೋವಾಗ ಎಲ್ಡು ಕಟ್ಟಿಸ್ಕೊಂಡ್ ಓಗೋರು. ಆಸ್ಪತ್ರೆಗ್ ಸೇರೋಕ್ ಮುಂಚಿನ್ ದಿನಾನೂ ಬಂದಿದ್ರು."

ನಾನು ದುಡ್ಡು ಕೊಡಹೋದರೆ ಎಡೆಯ ಸಾಮಾನಿಗೆ ಬೇಡವೆಂದ. ವಾಪಸು ಬರುವಾಗ ಒಂದು ವಿಷಯ ಹೊಳೆಯಿತು. ನನ್ನ ಕಣ್ಣು ತಪ್ಪಿಸಲು ಅವರು ಆರಿಸಿಕೊಂಡಿದ್ದ ಓಣಿಯನ್ನೇ ನಾನು ಊರಿನ ಕಣ್ಣು ತಪ್ಪಿಸಲು ಆರಿಸಿಕೊಂಡಿದ್ದೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವರ ಬುದ್ಧಿ ಕೊನೆಗೆ ಒಂದೇ ಕಡೆ ಓಡುತ್ತದೆ. ಮನೆಗೆ ಬಂದು ಸಿಗರೇಟು ಹಚ್ಚಲಿಲ್ಲ. ಹೋಲಿಸುವುದು ಏನೂ ಉಳಿದಿರಲಿಲ್ಲ. ನಾಸಿರನ ದ್ರಾವಣವನ್ನು ಬಟ್ಟೆಗೆ ಹಾಕಿಕೊಂಡು ಒಂದೊಂದೇ ಕೀ ಒರೆಸಿದೆ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಸಂದಿಗಳನ್ನು ತೀಡಿದೆ. ಪೂರ್ತಿ ಒಣಗುವವರೆಗೆ ಆನ್ ಮಾಡಬೇಡಿ ಎಂದಿದ್ದ, ಮಾಡಲಿಲ್ಲ. ಹೇಳಿದ ಮಾತನ್ನು ಇಷ್ಟು ಚೆನ್ನಾಗಿ ಕೇಳಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲಿರಬೇಕು.

ಹಾಗಾದರೆ ಜಯಮ್ಮ ಸರಿ, ನಾನು ತಪ್ಪು. ಜನರ ಮುಂದೆ ಬೈದದ್ದಕ್ಕೆ ಅವಳ ಮುಂದಾದರೂ ಒಪ್ಪಿಕೊಳ್ಳಬೇಕು. ಶನಿವಾರವೆಲ್ಲ ಆ ಮಾತನ್ನು ತಿದ್ದಿ ತಿದ್ದಿ ಬಾಯಿಪಾಠ ಮಾಡಿದೆ.

ಭಾನುವಾರ ಹತ್ತು ಗಂಟೆಗೆ ಜಯಮ್ಮ ಬಂದಳು. ಒಂದು ಚೀಲ ಅವರೆಕಾಯಿ ತಂದಿದ್ದಳು. ಕಾಫಿ ಕೊಟ್ಟು ಎದುರಿಗೆ ಕುಳಿತೆ.

"ಜಯಮ್ಮ, ಆವತ್ತು ನಾನು ಹಾಗೆ ಅನ್ನಬಾರದಿತ್ತು. ಅವರು ಸೇದ್ತಾನೇ ಇದ್ರು. ನೀನು ಇಟ್ಟದ್ದು ಸರಿ."

"ನಾನೇನಿಟ್ಟೆ?"

"ಸಿಗರೇಟು. ಎಡೇಲಿ."

ಜಯಮ್ಮ ಲೋಟ ಕೆಳಗಿಟ್ಟಳು. "ಅತ್ಗೆ, ತಲೆ ನೆಟ್ಗೈತಾ? ನಾನಿಟ್ಟಿದ್ದು ವಡೆ. ಮದ್ದೂರಲ್ಲಿ ಬಸ್ ಬದ್ಲಾಯಿಸ್ವಾಗ ತಂದಿದ್ದೆ. ಸಿಗ್ರೇಟ್ನ ನೀನೇ ಆ ಕ್ವಾಣೆಯಿಂದ ತಂದು ಇಟ್ಟೆ. ಇಟ್ಬುಟ್ಟು ವಸಿ ಒತ್ತು ನೋಡ್ಕಂಡು ನಿಂತ್ಕಂಡೆ. ಆಮೇಕೆ ನೀನೇ ತಗ್ದು ಬಿಸಾಕ್ದೆ. ಬಿಸಾಕಿ ನನ್ ಮೇಲ್ ಎಗರಾಡ್ದೆ."

"ನಾನಾ?"

"ಊ ಕಣಮ್ಮ, ನೀನೇ. ಗಂಡನ್ ಕಳ್ಕಂಡೋಳು, ಏನೋ ಆಗೈತೆ ಅಂತ ನಾನೂ ಬಾಯ್ ಮುಚ್ಕಂಡೆ."

"ಮತ್ತೆ ಇಷ್ಟು ದಿನ ಯಾಕೆ ಬರಲಿಲ್ಲ?"

"ನೀನ್ ಕರೀಲಿಲ್ವಲ್ಲ."

ಎದ್ದು ಹೋಗಿ ಡೈರಿ ತೆಗೆದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರ: "ತಿಥಿ. ಎಡೆಯಲ್ಲಿ ಸಿಗರೇಟು. ತೆಗೆದು ಎಸೆದೆ. ಜಯಮ್ಮ ಉಣ್ಣಲಿಲ್ಲ." ಯಾರು ಇಟ್ಟರು ಎಂದು ಬರೆದಿಲ್ಲ. ಬಸ್ಸು ಎಷ್ಟು ನಿಮಿಷ ತಡ ಎಂಬುದನ್ನೂ ಬರೆದಿಡುವ ಹೆಂಗಸು ಇದೊಂದನ್ನು ಬಿಟ್ಟಿದ್ದಾಳೆ. ಮರೆತು ಬಿಟ್ಟಳೋ, ಗೊತ್ತಿದ್ದೇ ಬಿಟ್ಟಳೋ? ಜಯಮ್ಮ ಹೇಳುವುದು ನಿಜವಾದರೆ, ಸಿಗರೇಟು ಆ ಕೋಣೆಯಲ್ಲಿ ಎಲ್ಲಿರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೆ, ಡಾಕ್ಟರಿಗೆ "ಇಲ್ಲ" ಎಂದಾಗಲೂ ಗೊತ್ತಿತ್ತೇ? ಮೋಸಹೋದ ಹೆಂಡತಿಯ ಜಾಗ ಅಷ್ಟೇನೂ ಕೆಟ್ಟದ್ದಲ್ಲ, ಕುಳಿತುಕೊಳ್ಳಬಹುದು. ಆ ಜಾಗವೂ ನನ್ನದಲ್ಲದೆ ಇರಬಹುದು ಎಂದು ಆಗ ಅನ್ನಿಸಿತು. ತಲೆಯನ್ನು ಎಷ್ಟು ತಡಕಿದರೂ, ಬಾಳೆಲೆಯ ಕಡೆ ಚಾಚಿದ ಕೈ ಕಾಣುತ್ತದೆ. ಕೈಯಲ್ಲಿ ಬಳೆ ಇತ್ತೇ ಇಲ್ಲವೇ ಎಂಬುದು ಕಾಣುವುದಿಲ್ಲ.

"ಜಯಮ್ಮ, ಡಾಕ್ಟರು ಕೇಳಿದಾಗ ಸೇದಲ್ಲ ಅಂದುಬಿಟ್ಟೆ. ನಾನೇ ಅಂದದ್ದು." ಬಾಯಿಪಾಠ ಮಾಡಿದ ಮಾತಿನಲ್ಲಿ ಇದು ಇರಲಿಲ್ಲ.

ಅವಳು ಅವರೆಕಾಯಿಯ ಚೀಲ ಹತ್ತಿರ ಎಳೆದುಕೊಂಡು ಸುಲಿಯತೊಡಗಿದಳು.

"ಅಣ್ಣನ್ಗೂ ಬಾಯಿತ್ತಲ್ಲ ಅತ್ಗೆ."

"ಮಾಸ್ಕ್ ಹಾಕಿದ್ರು."

"ಕೈಗೇನಾಗಿತ್ತು? ಇಂಗೆ ಎಲ್ಡ್ ಬೆರಳ್ ತೋರ್ಸಕ್ ಆಯ್ತಿರ್ಲಿಲ್ವಾ?" ಎಂದು ತುಟಿಯ ಹತ್ತಿರ ಎರಡು ಬೆರಳು ತಂದು ತೋರಿಸಿದಳು. ಥೇಟ್ ಅವರ ಹಾಗೆ. ಇಬ್ಬರೂ ನಕ್ಕೆವು. ಆಮೇಲೆ ಜಯಮ್ಮ ಅತ್ತಳು. ನಾನು ಅತ್ತೆನೋ ಇಲ್ಲವೋ, ಅವಳನ್ನೇ ಕೇಳಬೇಕು.

ಸಾಯುವ ಭಯಕ್ಕಿಂತ ನನ್ನ ಮುಂದೆ ಸಿಕ್ಕಿಬೀಳುವ ಭಯ ಆ ಮನುಷ್ಯನಿಗೆ ದೊಡ್ಡದಾಗಿತ್ತೇ? ಹಾಗಿದ್ದರೆ ಡಾಕ್ಟರ ಪ್ರಶ್ನೆಗಿಂತ ಬಹಳ ಮೊದಲೇ ಏನೋ ತಪ್ಪಿತ್ತು, ಅದರಲ್ಲಿ ನನ್ನ ಪಾಲೂ ಇತ್ತು. ಎಷ್ಟು ಪಾಲು ಎಂದು ಅಳೆದು ಹೇಳಬಲ್ಲವರು ಇಲ್ಲ.

ಮಧ್ಯಾಹ್ನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವಾಗ ಜಯಮ್ಮ ಕೇಳಿದಳು, "ವರ್ಸದ್ ಎಡೆಗೆ ಏನೇನ್ ಮಾಡದು?"

"ಕೋಳಿಸಾರು, ಇಡ್ಲಿ..." ಎಂದು ನಿಲ್ಲಿಸಿದೆ. "ಅದನ್ನೂ ಇಡಬೇಕು. ನೀನು ಇಡು ಜಯಮ್ಮ. ನನ್ನ ಕೈಯಲ್ಲಿ ಆಗಲ್ಲ."

"ನಾನಿಟ್ರೆ ನಾಳೆ ನೀನು, ಜಯಮ್ಮ ಇಟ್ಲು, ಮಾನ ಕಳುದ್ಲು ಅಂತೀಯ. ನೀನಿಟ್ರೂ ಜಯಮ್ಮನೇ ಇಟ್ಲು ಅಂತೀಯ. ಬುಡು, ಇಬ್ರೂ ಸೇರ್ಕಂಡೇ ಇಡಣ. ಅಂಗೇ ಕಡ್ಡಿಪೆಟ್ಗೇನೂ ಮಡಗು. ಸಿಗ್ರೇಟ್ ಮಾತ್ರ ಇಟ್ಬುಟ್ರೆ ಅವ್ನು ಬೆಂಕಿಗೆ ಯಾರ್ ಮನೇಗ್ ಓಗಾನು?"