ಬೇರೆ ಇಟ್ಟ ಲೋಟ

ರಜೆಯ ನೆಪದಲ್ಲಿ ಬೊಂಬಾಯಿಗೆ ಹೋಗಿ, ತೂಕ ಇಳಿಯಲೆಂದು ಹೊಟ್ಟೆ ಸಣ್ಣದು ಮಾಡಿಸಿಕೊಂಡು ಬಂದ ಸಂಗತಿಯನ್ನು ದೋಹಾದಲ್ಲಿ ನಾನು ಯಾರಿಗೂ ಹೇಳಲಿಲ್ಲ. ತೊಂಬತ್ತರ ದಶಕದ ಕೊನೆ ಅದು. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಎತ್ತರ ಹತ್ತುವಾಗ ಕಟ್ಟುವ ಬೆಲ್ಟು ನನ್ನ ಸೊಂಟಕ್ಕೆ ಸಾಲದೆ, ಸೂಪರ್‌ವೈಸರ್ ಎಲ್ಲರೆದುರು ನಕ್ಕಿದ್ದ. ಆಪರೇಶನ್ ಎಂದರೆ ಇನ್ನೂ ನಗುತ್ತಾನೆ. ಜಾಂಡೀಸ್ ಆಗಿತ್ತು ಎಂದುಬಿಟ್ಟೆ.

ದೋಹಾ ಅಲ್ ಜದೀದಾದಲ್ಲಿ ಕಂಪನಿ ಕೊಟ್ಟ ಕೋಣೆಯಲ್ಲಿ ನಾವು ನಾಲ್ವರು. ಅಡುಗೆ ಕಾಕಾ ಅವರದು. ಬಿಜಾಪುರದ ಕಡೆಯ ವೆಲ್ಡರ್, ಐವತ್ತು ದಾಟಿದವರು. ಅವರು ತಟ್ಟಿದ ರೊಟ್ಟಿಯನ್ನು ಆರಾರು ಬಾರಿಸುತ್ತಿದ್ದ ನಾನು ಈಗ ಅರ್ಧ ಬಟ್ಟಲು ಗಂಜಿಯ ಒಂದೊಂದು ಅಗುಳನ್ನೂ ಅಗಿದು ಅಗಿದು ನುಂಗುತ್ತಿದ್ದೆ. ಅವಸರ ಮಾಡಿದರೆ ತುತ್ತು ಎದೆಯಲ್ಲೇ ನಿಂತು ಬಚ್ಚಲಿಗೆ ಓಡಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಮೂರು ತಿಂಗಳಲ್ಲಿ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು, ಬಾಚಣಿಗೆ ತುಂಬ ಕೂದಲು ಬರತೊಡಗಿತು.

ಆ ಕಾಲದಲ್ಲಿ ಹೀಗೆ ಸೊರಗಿದವನ ಬಗ್ಗೆ ಜನ ಒಂದೇ ಕಾಯಿಲೆಯ ಹೆಸರು ಹೇಳುತ್ತಿದ್ದರು, ಏಡ್ಸ್, ಅದೂ ಪಿಸುಮಾತಿನಲ್ಲಿ. ಸುದ್ದಿ ಆಫೀಸು ಮುಟ್ಟಿದರೆ ಪರೀಕ್ಷೆ. ಏನೂ ಸಿಗದಿದ್ದರೂ ಹೊಟ್ಟೆಯ ಗುಟ್ಟು ರಟ್ಟಾಗಿ, ಕೆಲಸಕ್ಕೆ ಲಾಯಕ್ಕಿಲ್ಲ ಎಂದು ವೀಸಾ ಖಲಾಸ್. ಮೊದಲೇ ಅನುಮಾನದ ಪ್ರಾಣಿ ನಾನು. ಯಾರು ತಗ್ಗಿದ ದನಿಯಲ್ಲಿ ಮಾತಾಡಿದರೂ ನನ್ನದೇ ಸುದ್ದಿ ಅನಿಸುತ್ತಿತ್ತು.

"ಯಾಕೋ ತಮ್ಮಾ, ಎರಡು ತುತ್ತಿಗೇ ಕೈ ತೊಳದಿ? ಏನಾಗೇತಿ, ಖರೇ ಹೇಳು" ಎಂದು ಕಾಕಾ ಒಮ್ಮೆ ಕೇಳಿದರು.

"ಎಂತ ಆಗ್ಲಿಲ್ಲ ಕಾಕಾ, ಹಸಿವು ಕಮ್ಮಿ ಅಷ್ಟೇ."

ಮತ್ತೆ ಅವರು ಕೇಳಲಿಲ್ಲ. ಅದೇ ನನ್ನ ಅನುಮಾನವನ್ನು ಹೆಚ್ಚಿಸಿತು.

ಮರುವಾರ ನನ್ನ ಸ್ಟೀಲ್ ಲೋಟ, ಬಟ್ಟಲು ಬೇರೆ ಕಪಾಟಿಗೆ ಹೋಗಿದ್ದವು, ಮೇಲೊಂದು ಬಿಳಿ ಬಟ್ಟೆ. ಕಾಕಾ ಅವನ್ನು ಕುದಿಯುವ ನೀರಿಗೆ ಹಾಕುವುದನ್ನು ಬಾಗಿಲ ಸಂದಿಯಿಂದ ಕಂಡೆ. ಜೊತೆಯವನೊಬ್ಬ ಆ ಲೋಟಕ್ಕೆ ಕೈ ಹಾಕಿದಾಗ "ಅದನ್ನ ಮುಟ್ಟಬ್ಯಾಡ" ಎಂದು ಗದರಿದರು. ನನಗೆ ಮೈಯೆಲ್ಲ ಉರಿಯಿತು. ಅಂಟುರೋಗದವನನ್ನಾಗಿ ಮಾಡಿಬಿಟ್ಟರಲ್ಲ! ಇವತ್ತು ಲೋಟ ಬೇರೆ, ನಾಳೆ ಆಫೀಸಿಗೆ ದೂರು. ಅವರಿಗಿಂತ ಮೊದಲು ನಾನೇ ಹೋಗಬೇಕು ಎಂದುಕೊಂಡೆ.

ಶುಕ್ರವಾರ ಕೋಣೆಗಳ ಉಸ್ತುವಾರಿ ನೋಡುವ ಕ್ಯಾಂಪ್ ಬಾಸ್ ಬಳಿ ಹೋಗಿ, ಕಾಕಾ ಅವರಿಗೆ ಕೆಮ್ಮು ಜಾಸ್ತಿ, ಕಫದಲ್ಲಿ ರಕ್ತ ಕಂಡಿತು ಎಂದೆ. ಕೆಮ್ಮು ನಿಜ, ವೆಲ್ಡಿಂಗ್ ಹೊಗೆ ಕುಡಿದವರಿಗೆ ಅದು ಇದ್ದದ್ದೇ. ರಕ್ತ ನಾನು ಸೇರಿಸಿದ್ದು.

ಪರೀಕ್ಷೆ ಮುಗಿಯುವ ತನಕ ಕಾಕಾ ಅಲ್ ಥುಮಾಮಾದ ಬೇರೆ ಕೋಣೆಯಲ್ಲಿರಬೇಕೆಂದು ಎರಡೇ ದಿನದಲ್ಲಿ ಆರ್ಡರ್ ಬಂತು. ಕೆಳಗೆ ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಕೂಗುತ್ತಿದ್ದ. ಟ್ರಂಕು ಎತ್ತುವ ಮೊದಲು ಕಾಕಾ ನನ್ನನ್ನು ಅಡುಗೆಮನೆಗೆ ಕರೆದರು.

"ನೀ ಅಂಗಿ ಬದಲಸುಮುಂದ ಹೊಟ್ಟಿ ಮ್ಯಾಲಿನ ಹೊಲಿಗಿ ಗುರ್ತು ನೋಡೇನಿ. ನೀ ಮುಚ್ಚಿಟ್ಟಿ, ನಾ ಕೆದಕಲಿಲ್ಲ. ಹೊಟ್ಟಿ ಕೊಯ್ಸಿಕೊಂಡವರು ಬಾಣಂತಿ ಇದ್ದಂಗ, ಲಗೂನ ನಂಜಾಗತೈತಿ. ನಾಕು ಮಂದಿ ಕುಡಿಯೋ ಲೋಟ ನಿನಗ ಬ್ಯಾಡ. ದಿನಾ ಕುದಿಸಿಕೋ. ಈಗ ನನಗೂ ಏನೋ ಬ್ಯಾನಿ ಅಂತಾರಲ್ಲ, ಅದಕ್ಕ ಇವತ್ತು ಎರಡು ಸಲ ಕುದಿಸೇನಿ."

ಲೋಟ ಕೈಗಿಟ್ಟರು. ಇನ್ನೂ ಬಿಸಿಯಿತ್ತು. ದೂರು ಕೊಟ್ಟವನು ನಾನೇ ಎಂದು ಹೇಳಲು ಬಾಯಿ ತೆರೆದೆ. "ಜಾಗ್ರತೆ ಕಾಕಾ" ಎಂದಷ್ಟೇ ಬಂತು. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಅವರಿಗೆ ಯಾವ ರೋಗವೂ ಇಲ್ಲವೆಂದು ತಿಂಗಳ ಮೇಲೆ ತಿಳಿಯಿತು. ಅಷ್ಟರಲ್ಲಿ ಅವರ ಮಂಚಕ್ಕೆ ಬೇರೊಬ್ಬ ಬಂದಿದ್ದ. ನನ್ನ ಗಾಯ ಪೂರ್ತಿ ಮಾಗಿದ ಮೇಲೂ ನಾನು ಲೋಟ ಕುದಿಸುವುದನ್ನು ಬಿಡಲಿಲ್ಲ. ಯಾಕೆ ಎಂದು ಹೊಸಬ ಕೇಳಿದಾಗ, ಜಾಂಡೀಸ್ ಆಗಿತ್ತು ಎಂದೆ.