ಹಾಜರ್ ಜನಾಬ್!

ಕಳೆದ ಸೋಮವಾರ ಬ್ಯಾಂಕಿನಲ್ಲಿ ನನ್ನ ಮಾನ ಹೋಯಿತು.

ಪೆನ್ಷನ್ ತೆಗೆದುಕೊಳ್ಳುವವರಿಗೆ ಗೊತ್ತು. ವರ್ಷಕ್ಕೊಮ್ಮೆ ಹೋಗಿ ‘ಬದುಕಿದ್ದೇನೆ’ ಎಂದು ಸಹಿ ಹಾಕಬೇಕು. (ಸತ್ತವರು ಬರುವುದಿಲ್ಲ ಎಂಬ ಭರವಸೆ ಸರ್ಕಾರಕ್ಕೆ!) ಹತ್ತಕ್ಕೆ ಬಾಗಿಲು ತೆಗೆಯುವ ಕೊಪ್ಪಳದ ಬ್ಯಾಂಕಿಗೆ ನಾನು ಒಂಬತ್ತೂವರೆಗೇ ಹಾಜರು. ಪಕ್ಕದಲ್ಲಿ ನಮ್ಮ ಯಜಮಾನರು. ಕೌಂಟರಿನ ಹುಡುಗಿ ಕೂಗಿದಳು: “ಗೌರಮ್ಮ ಯಾರ್ರಿ?”

ತಟ್ಟನೆ ಎದ್ದು ನಿಂತೆ. ಬಾಯಿಂದ ಬಂದದ್ದು: “ಹಾಜರ್ ಜನಾಬ್!”

ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. “ಏನಂದ್ರಿ ಅಜ್ಜಿ?” ಎಂದಳು ಹುಡುಗಿ. ಯಜಮಾನರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಭುಜಗಳು ಮಾತ್ರ ಕುಣಿಯುತ್ತಿದ್ದವು.

ಏನು ಹೇಳಲಿ ಆ ಹುಡುಗಿಗೆ? ನಿಮಗಾದರೂ ಹೇಳುತ್ತೇನೆ.

ನಾನು ಓದುವಾಗ ನಮ್ಮ ಕಡೆ ನಿಜಾಮರ ಆಳ್ವಿಕೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಅಪ್ಪ ಕೊಪ್ಪಳದಲ್ಲಿ ಮಾಸ್ತರು. ಹೆಸರು ಕರೆದರೆ ನೆಟ್ಟಗೆ ಎದ್ದು, ಗಟ್ಟಿಯಾಗಿ ‘ಹಾಜರ್ ಜನಾಬ್’ ಎನ್ನಬೇಕು. ಬಂದಿದ್ದೇನೆ ಸಾಹೇಬರೇ, ಎಂದು. ಮಗಳೆಂದು ರಿಯಾಯಿತಿ ಇರಲಿಲ್ಲ. “ಎರಡನೇ ಸಲ ಕರಿಸಿಕೊಳ್ಳಾಕ ನೀ ಏನ್ ಬೀಗರ ಪೈಕಿ?” ಎನ್ನುತ್ತಿದ್ದರು. ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ ಎಲ್ಲಕ್ಕೂ ಒಂದು ಹೊತ್ತು, ಒಂದು ರೀತಿ. ಅದು ಮೈಗೆ ಹತ್ತಿತು. ಇನ್ನೂ ಬಿಟ್ಟಿಲ್ಲ.

ನಲವತ್ತರ ದಶಕದಲ್ಲಿ, ಓಣಿಯೆಲ್ಲ ಬೇಡ ಎಂದರೂ, ಅಪ್ಪ ನನ್ನನ್ನು ರೈಲು ಹತ್ತಿಸಿ ಧಾರವಾಡದ ಕಾಲೇಜಿಗೆ ಸೇರಿಸಿದರು. ಇರುವುದು ಚಿಗವ್ವನ ಮನೆಯಲ್ಲಿ. ಅದು ಬ್ರಿಟಿಷರ ಸೀಮೆ. ಮೊದಲ ದಿನವೇ ಅಟೆಂಡೆನ್ಸ್. ಹುಡುಗರದು ಮುಗಿದ ಮೇಲೆ ಹುಡುಗಿಯರದು. ಅದರಲ್ಲಿ ಮೊದಲ ಹೆಸರು ನನ್ನದು. ಎಲ್ಲರೂ ಕೂತಲ್ಲೇ ‘ಯೆಸ್ ಸರ್’ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಿತ್ತು. ಬಾಯಿಗೆ ಯಾರು ಹೇಳಬೇಕು?

ಎದ್ದೆ. “ಹಾಜರ್ ಜನಾಬ್!”

ಅಂದಿನಿಂದ ನನ್ನ ಹೆಸರೇ ಜನಾಬ್. ವರಾಂಡದಲ್ಲಿ ಕಾಲಿಟ್ಟರೆ “ದಾರಿ ಬಿಡ್ರೋ, ಜನಾಬರ ಸವಾರಿ ಬಂತು!” ಇನ್ನೊಬ್ಬ: “ಏನ್ರಿ ಜನಾಬ್, ನಿಜಾಮರು ಆರಾಮ ಅದಾರೇನ್ರಿ?”

ನಾನು ಮಾತು ತೂಗತೊಡಗಿದೆ. ನಮ್ಮ ಶಾಲೆಯಲ್ಲಿ ರಜೆಗೆ ‘ತಾತೀಲ್’, ಇಲ್ಲಿ ‘ಸೂಟಿ’. ತಪ್ಪಿ ಬಂದರೆ? ಆಮೇಲೆ ತೂಗುವುದನ್ನೂ ಬಿಟ್ಟು ಬಾಯಿ ಮುಚ್ಚಿದೆ. ಹೆಸರು ಕರೆದಾಗಲೂ ತುಟಿ ಅಲುಗಾಡುತ್ತಿತ್ತು, ದನಿ ಏಳುತ್ತಿರಲಿಲ್ಲ. ಪ್ರೊಫೆಸರರು ರಿಜಿಸ್ಟರಿನಿಂದ ತಲೆ ಎತ್ತುವವರಲ್ಲ. ಮೊದಲ ಬೆಂಚಿನಲ್ಲಿ ಕೂತೂ ನಾನು ಗೈರುಹಾಜರಿ!

ಒಂದು ದಿನ ಅವರೆಂದರು: “ಈ ಗೌರಮ್ಮ ಅನ್ನುವವರು ಬರುತ್ತಲೇ ಇಲ್ಲ. ನಾಳೆಯೂ ಬರದಿದ್ದರೆ ಹೆಸರು ತೆಗೆದುಹಾಕುತ್ತೇನೆ.”

ಹುಡುಗರು ಕಿಸಕ್ಕೆಂದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ಮನೆಗೆ ಬಂದು ಟ್ರಂಕು ಎಳೆದೆ. “ನಾ ಊರಿಗೆ ಹೊಂಟೆ ಚಿಗವ್ವಾ.”

“ಹೋಗವಾ, ಬ್ಯಾಡಂದೋರ್ಯಾರು?” ಎಂದಳು ಚಿಗವ್ವ, ರೊಟ್ಟಿ ಬಡಿಯುತ್ತಲೇ. “ಅಪ್ಪಗ ಏನ್ ಹೇಳ್ತೀ? ಮಾಸ್ತರ ಮಗಳಿಗೆ ಹಾಜರಿ ಹೇಳಾಕ ಬರಲಿಲ್ಲ ಅಂತೀಯೇನು?”

ಮರುದಿನ ಕ್ಲಾಸಿಗೆ ಹೋದೆ. ಅದೇ ಮೊದಲ ಬೆಂಚಿನಲ್ಲಿ ಕೂತೆ.

ಹುಡುಗರಲ್ಲಿ ಕೊನೆಯ ಹೆಸರು ವಿರೂಪಾಕ್ಷಪ್ಪನದು. ಗದಗಿನವನಂತೆ. ಇಸ್ತ್ರಿ ಶರ್ಟು, ಪಟಪಟ ಇಂಗ್ಲಿಷು. ಅವನ ಕಡೆ ನೋಡುವ ಧೈರ್ಯ ನನಗಿರಲಿಲ್ಲ. (ನೋಡಿದ್ದೆ. ಧೈರ್ಯವಿಲ್ಲದೆಯೂ ನೋಡಬಹುದು.) ಅವನ ಹೆಸರು ಕರೆದರು. ಅವನು ಎದ್ದು ನೆಟ್ಟಗೆ ನಿಂತ.

“ಹಾಜರ್ ಜನಾಬ್!”

ಕ್ಲಾಸು ಹೋ ಎಂದಿತು. ಪ್ರೊಫೆಸರರು ಮೊದಲ ಸಲ ತಲೆ ಎತ್ತಿದರು. “ಏನಿದು ತಮಾಷೆ?”

“ತಮಾಷೆ ಅಲ್ರಿ ಸರ್. ನಮ್ಮ ಸಾಲ್ಯಾಗ ಹಿಂಗ ಅಂತಾರ. ನಾ ಗದಗಿನಾವ ಅಲ್ರಿ. ಯಲಬುರ್ಗಾ ಕಡೆ, ಬೇವೂರಿನಾವ. ನಂದೂ ನಿಜಾಮರ ಸೀಮಿ.”

ನಗು ಅರ್ಧಕ್ಕೆ ನಿಂತಿತು. ಮುಂದಿನ ಹೆಸರು ನನ್ನದು. ಹೇಗೆ ಎದ್ದೆನೋ! ಅಪ್ಪನ ಶಾಲೆಯಲ್ಲಿ ಹೇಳಿದ್ದಕ್ಕಿಂತ ಗಟ್ಟಿಯಾಗಿ ಹೇಳಿದೆ. ಪ್ರೊಫೆಸರರು ನನ್ನನ್ನು ನೋಡಿದರು, ಬೆಂಚು ನೋಡಿದರು, “ಓ, ದಿನಾ ಇಲ್ಲೇ ಇರ್ತಿದ್ದಿರಾ?” ಎಂದು ಗುರುತು ಹಾಕಿಕೊಂಡರು.

ದೀಪಾವಳಿಗೆ ಊರಿಗೆ ಹೊರಟಾಗ ಧಾರವಾಡ ಸ್ಟೇಷನ್ನಿನಲ್ಲಿ, ಹೆಂಗಸರ ಡಬ್ಬಿಯ ಕಿಟಕಿಯ ಹತ್ತಿರ ವಿರೂಪಾಕ್ಷಪ್ಪ ಬಂದು ನಿಂತ. “ತಾತೀಲ್ ಶುರು ಆತಲ್ರಿ.”

ಎಷ್ಟು ದಿನವಾಗಿತ್ತು ಆ ಮಾತು ಕೇಳಿ! ನಕ್ಕುಬಿಟ್ಟೆ. ಧೈರ್ಯ ಮಾಡಿ ಕೇಳಿಯೂಬಿಟ್ಟೆ: “ಅವತ್ತ ನನ್ನ ಸಲುವಾಗಿ ಎದ್ದು ನಿಂತ್ರೇನ್ರಿ?”

“ನಿಮಗ ಹಂಗ ಅನ್ಸಿದ್ರ ಛಲೋನ ಆತು,” ಎಂದ. ಆಮೇಲೆ ತಲೆ ತಗ್ಗಿಸಿ, “ಖರೆ ಹೇಳ್ಲ್ಯಾ? ಕನಸಿನ್ಯಾಗೂ ‘ಯೆಸ್ ಸರ್’ ಅನ್ನಾಕ ಹತ್ತಿದ್ದೆ. ಭಾಳ ಸಾಕಾಗಿತ್ರಿ.”

ಕ್ಲಾಸಿನಲ್ಲಿ ಹೆದರಿದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಹೆದರಿದವರೆಲ್ಲ ಮುದುಡಿಕೊಂಡೇ ಕೂರಬೇಕೆಂದಿಲ್ಲವಲ್ಲ! ಕೆಲವರು ಇಸ್ತ್ರಿ ಹಾಕಿಕೊಂಡು ಕೂರುತ್ತಾರೆ. ಇವತ್ತಿನ ಕಾಲೇಜು ಹುಡುಗಿಯರನ್ನು ನೋಡಿದಾಗಲೂ ನನಗೆ ಅನ್ನಿಸುವುದು ಇದೇ. ಪಕ್ಕದ ಬೆಂಚಿನ ಜೋರಿನವಳನ್ನು ಒಮ್ಮೆ ಮಾತಾಡಿಸಿ ನೋಡಿ, ಮಕ್ಕಳೇ. ಅವಳದು ಯಾವ ಬೇವೂರೋ?

ಮದುವೆಯ ಮಾತು ಎದ್ದಾಗ ಎರಡೂ ಮನೆಯವರು ಕೇಳಬೇಕಾದ್ದನ್ನೆಲ್ಲ ಕೇಳಿದರು. ನಮ್ಮ ಪುಣ್ಯಕ್ಕೆ ಎಲ್ಲ ಕೂಡಿಬಂತು. ಅಪ್ಪ ಅಳಿಯನನ್ನು ಕೇಳಿದ್ದು ಒಂದೇ ಪ್ರಶ್ನೆ: “ಹೊತ್ತಿಗೆ ಸರಿಯಾಗಿ ಏಳ್ತೀರೇನು?” (ಏಳುವುದಿಲ್ಲ. ಇಂದಿಗೂ.)

ಇರಲಿ, ಬ್ಯಾಂಕಿಗೆ ಬರೋಣ. ನನ್ನ ಸಹಿ ಆಯಿತು. ಹುಡುಗಿ ಮುಂದಿನ ಹೆಸರು ಕೂಗಿದಳು: “ವಿರೂಪಾಕ್ಷಪ್ಪ?” ಈಗ ನೋಡೋಣ ಎಂದು ಸೊಂಟಕ್ಕೆ ಕೈಯಿಟ್ಟು ನಿಂತೆ. ಯಜಮಾನರು ಪೇಪರು ಮಡಚಿದರು. ಎದ್ದರು. ಅಂಗಿಯ ಸುಕ್ಕು ನೀವಿಕೊಂಡರು. ಆ ಹೆಣ್ಣುಮಗಳ ಮುಂದೆ ಗತ್ತಿನಿಂದ ಹೇಳಿದರು: “ಯೆಸ್ ಸರ್!”

ನೀವೇ ಹೇಳಿ, ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಬೇವೂರಿನವರ ಜೊತೆಗೋ, ಗದಗಿನವರ ಜೊತೆಗೋ?