ತೀರ್ಥ ನಿಲ್ಲದ ಅಂಗೈ

ಮಲ್ಲೇಶ್ವರದ ದೇವಸ್ಥಾನದಲ್ಲಿ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರ ಅಂಗೈಗೆ ಅರ್ಚಕರು ಹಾಕಿದ ತೀರ್ಥ ಬೆರಳ ಸಂದಿಯಿಂದ ಸೋರಿ ನನ್ನ ಸೀರೆಗೆ ಬಿತ್ತು. ಮೂವತ್ತು ವರ್ಷ ಮಕ್ಕಳನ್ನು ತಿದ್ದಿದ ಟೀಚರ್ ನಾನು, ಸುಮ್ಮನಿರಲಾಗಲಿಲ್ಲ. “ಬೆರಳು ಸೇರಿಸಿ ಹಿಡೀರಿ, ಎಲ್ಲಾ ಚೆಲ್ತಿದೆ” ಎಂದೆ.

“ಸೇರಲ್ಲಮ್ಮ” ಎಂದು ಅವರು ಕೈ ತೋರಿಸಿದರು. ಒಂದೊಂದು ಬೆರಳೂ ಒಂದೊಂದು ಕಡೆಗೆ ಸೊಟ್ಟಗಿತ್ತು. “ಇದು ಕಾನ್ಪುರದಲ್ಲಿ ಮುರಿದದ್ದು, ಇದು ದಿಲ್ಲೀಲಿ, ಇದು ಕಲ್ಕತ್ತಾದಲ್ಲಿ.”

ಹದಿನೈದು ವರ್ಷ ನಮ್ಮ ರಾಜ್ಯ ತಂಡದ ವಿಕೆಟ್ ಕೀಪರ್ ಆಗಿದ್ದವರಂತೆ. ಅರ್ಚಕರು ಅದನ್ನು ಹೇಳುತ್ತಲೇ, ಆ ಹಿರಿಯರು ಕೇಳದಿದ್ದರೂ, ಇನ್ನೆರಡು ಉದ್ಧರಣೆ ತೀರ್ಥ ಹಾಕಿದರು.

ಈಗ ತೀರ್ಥಕ್ಕೆ ಕೈಯೊಡ್ಡಿದಾಗಲೆಲ್ಲ ನನ್ನ ನೆಟ್ಟಗಿನ ಬೆರಳುಗಳನ್ನು ನೋಡಿಕೊಳ್ಳುತ್ತೇನೆ. ಒಂದು ಹನಿಯೂ ಸೋರುವುದಿಲ್ಲ. ಅದಕ್ಕೇಕೋ ನಾಚಿಕೆಯಾಗುತ್ತದೆ.